ಕಾರ್ನೆಟ್ ಸೋಲೋ ಕೇಳೋದು ಹೇಗೆ? ನನಗೆ ಮೂರನೇ ರೆಕಾರ್ಡಿಗೇ ಸಾಕಾಗುತ್ತೆ

ತುತ್ತೂರಿ_ಟಿಳಕವಾಡಿ (ಬೆಳಗಾವಿ)
ಎಲ್ಲರಿಗೂ ನಮಸ್ಕಾರ. ವಿಷಯ ಸ್ವಲ್ಪ ವಿಚಿತ್ರ, ನಗಬೇಡಿ.

ನಮ್ಮ ಕಾಕಾ ಸೈನ್ಯದ ಬ್ಯಾಂಡಿನಲ್ಲಿ ಕಾರ್ನೆಟ್ ಅನ್ನೋ ಹಿತ್ತಾಳೆ ತುತ್ತೂರಿ ಊದುತ್ತಿದ್ದರು. ನಿವೃತ್ತಿಯಾದ ಮೇಲೆ ಇಲ್ಲೇ ಒಂದು ಮದುವೆ ಬ್ಯಾಂಡಿನಲ್ಲಿ ಹತ್ತು ವರ್ಷ ಊದಿದರು. ಮುಂದಿನ ಎರಡು ಹಲ್ಲು ಬಿದ್ದವು, ಅಲ್ಲಿಗೆ ಊದೋದೂ ನಿಂತಿತು. ಈಗ ಅವರಿಗೆ 78. ಹೋದ ದೀಪಾವಳಿಗೆ ದೊಡ್ಡ ಪರದೆಯ ಫೋನ್ ಕೊಡಿಸಿ ಯೂಟ್ಯೂಬ್ ಹಾಕೋದು ಕಲಿಸಿದೆ. ತಪ್ಪು ಮಾಡಿದೆ.

ಈಗ ದಿನಾ ಸಂಜೆ ಏಳಕ್ಕೆ, ಮನೆಯವರೆಲ್ಲ ಧಾರಾವಾಹಿಗೆ ಕೂತಾಗ, ಕಾಕಾ ಪಡಸಾಲೆಯಲ್ಲಿ ಕಾರ್ನೆಟ್, ಟ್ರಂಪೆಟ್ ಹಾಕುತ್ತಾರೆ. ಹರ್ಬರ್ಟ್ ಕ್ಲಾರ್ಕ್ ಅಂತ ಅಮೆರಿಕದವನು, ಮೆಂಡೆಸ್ ಅಂತ ಮೆಕ್ಸಿಕೋದವನು, ಮೊರಿಸ್ ಆಂದ್ರೆ ಅಂತ ಫ್ರಾನ್ಸಿನವನು. ಮೊದಲನೆಯದು ಕೇಳಿದಾಗ ನಾನೂ ಬಾಯಿ ಬಿಟ್ಟುಕೊಂಡು ಕೂತೆ. ಎರಡನೆಯದಕ್ಕೆ ತಲೆದೂಗಿದೆ. ಮೂರನೆಯದಕ್ಕೆ ಎಲ್ಲಾ ಒಂದೇ ಅನಿಸೋಕೆ ಶುರುವಾಯಿತು. ಮೊದಲು ಗತ್ತಿನ ಪೀಠಿಕೆ. ಆಮೇಲೆ ಮಕ್ಕಳ ಹಾಡಿನಂಥ ಸಾದಾ ಟ್ಯೂನು. ಆಮೇಲೆ ಅದನ್ನೇ ಪಟಪಟ ಪಟಪಟ ಅಂತ ಕುಟ್ಟಿ ಪುಡಿ ಮಾಡೋದು. ಕೊನೆಗೆ ಒಂದು ಎತ್ತರದ ಸ್ವರ, ಮುಗೀತು.

ಇದನ್ನೇ ಕಾಕಾಗೆ ಹೇಳಿದೆ. "ಕೋಣನ ಮುಂದೆ ಕಿನ್ನರಿ" ಅಂದು ಫೋನ್ ಎತ್ತಿಕೊಂಡು ಒಳಗೆ ಹೋದರು. ಎರಡು ದಿನ ಮಾತಿಲ್ಲ.

ಬಲ್ಲವರು ಹೇಳಿ. ಇದರಲ್ಲಿ ಕೇಳಬೇಕಾದದ್ದು ಏನು? ಬರೀ ಸ್ಪೀಡಾ?

ಕುಂದಾ_ಪ್ರಿಯ
ಕಾಕಾಗೆ ಒಂದು ಇಯರ್‌ಫೋನ್ ಕೊಡಿಸಿ. ಸಮಸ್ಯೆ ಮುಗೀತು.

ಹಲಗಿ_ಮಜಲು (ಬಾಗಲಕೋಟೆ)
ನಿಮ್ಮ ಕಿವಿ ಸರಿಯಾಗಿಯೇ ಇದೆ. ಅದು ಸರ್ಕಸ್ಸು, ಸಂಗೀತ ಅಲ್ಲ. ಒಂದು ನಿಮಿಷಕ್ಕೆ ಎಷ್ಟು ಸ್ವರ ಅಂತ ಎಣಿಸೋದಾದರೆ ಟೈಪಿಂಗ್ ಪರೀಕ್ಷೆಗೂ ಕಚೇರಿಗೂ ಏನು ವ್ಯತ್ಯಾಸ? ನಮ್ಮಲ್ಲಿ ಹೋಳಿ ಹಬ್ಬಕ್ಕೆ ಐದು ದಿನ ಹಲಗಿ ಬಡಿಯುತ್ತಾರೆ, ಬಂದು ಕೇಳಿ. ಅಲ್ಲೂ ಸ್ಪೀಡ್ ಇದೆ. ಆದರೆ ಕಾಲು ತಾನಾಗಿ ಏಳುತ್ತೆ. ಈ ಕಾರ್ನೆಟ್ ಕೇಳಿ ಯಾರ ಕಾಲು ಎದ್ದಿದೆ?

ಇಳಕಲ್_ಸೆರಗು
ಕಾಕಾನ ಕಾಲು ಎದ್ದಿದೆಯಲ್ಲ, ಎದ್ದು ಒಳಗೆ ಹೋದರು 😀

ಹಳೇ_ಬ್ಯಾಂಡ್‌ವಾಲಾ (ಬೆಳಗಾವಿ ಕ್ಯಾಂಪ್)
ತಮ್ಮಾ, ನಿಮ್ಮ ಕಾಕಾ ಹೇಳಿದ್ದು ಸರಿ. ಆದರೆ ಬೈದು ಬಿಡೋದಲ್ಲ, ಹೇಳಿಕೊಡಬೇಕಿತ್ತು. ನಾನೂ ಹದಿನೆಂಟು ವರ್ಷ ಊದಿದವನು. ಗೊತ್ತಿದ್ದಷ್ಟು ಹೇಳ್ತೀನಿ.

ಮೊದಲು ವಾದ್ಯ ನೋಡು. ಮೂರೇ ಗುಂಡಿ. ನಡುವಿನದು ಒತ್ತಿದರೆ ಅರ್ಧ ಸ್ವರ ಇಳಿಯುತ್ತೆ, ಮೊದಲನೆಯದು ಒಂದು ಸ್ವರ, ಮೂರನೆಯದು ಒಂದೂವರೆ. ಬೆರಳಿನ ಕೆಲಸ ಅಲ್ಲಿಗೆ ಮುಗೀತು. ಉಳಿದದ್ದೆಲ್ಲ ತುಟಿ, ನಾಲಿಗೆ, ಉಸಿರು. ಒಂದೇ ಗುಂಡಿ ಒತ್ತಿ ಹಿಡಿದು ತುಟಿಯಲ್ಲೇ ಆರೇಳು ಸ್ವರ ಹತ್ತಿ ಇಳಿಯಬೇಕು. ಹಾರ್ಮೋನಿಯಂ ಥರ ಪಟ್ಟಿ ಒತ್ತಿದರೆ ಸ್ವರ ಬಂತು ಅನ್ನೋ ಹಾಗಿಲ್ಲ.

ಇನ್ನು ನಾಲಿಗೆ. ಪಟಪಟ ಅಂದೆಯಲ್ಲ, ಅದರಲ್ಲಿ ಎರಡು ಜಾತಿ. ಎರಡೆರಡಾಗಿ ಬರೋದು "ತು-ಕು ತು-ಕು". ಮೂರು ಮೂರಾಗಿ ಬರೋದು "ತು-ತು-ಕು". ತುದಿ ನಾಲಿಗೆ ಹೊಡೆದಷ್ಟೇ ಗಟ್ಟಿಯಾಗಿ ಬುಡದ ನಾಲಿಗೆಯೂ ಹೊಡೆಯಬೇಕು. ಕಲಿಯುವಾಗ "ಕು" ಯಾವಾಗಲೂ ಸೋಮಾರಿ. ಕೇಳುವಾಗ ಆ "ಕು" ಹುಡುಕು. ಅದು ಕಿವಿಗೆ ಸಿಕ್ಕರೆ ಊದುವವನು ಕಚ್ಚಾ. ಸಿಗದಿದ್ದರೆ ಪಕ್ಕಾ.

ಇದನ್ನೆಲ್ಲ ಪುಸ್ತಕ ಮಾಡಿ ಇಟ್ಟವನು ಝಾನ್ ಬ್ಯಾಪ್ಟಿಸ್ಟ್ ಅರ್ಬಾನ್, ಪ್ಯಾರಿಸ್ಸಿನಲ್ಲಿ, 1864ರಲ್ಲಿ. ನಾವು ಅದರ ಜೆರಾಕ್ಸ್ ಪ್ರತಿ ಇಟ್ಟುಕೊಂಡು ಕಲಿತೆವು. ಪಚ್‌ಮಢಿಯಲ್ಲಿ ಸೈನ್ಯದ ಸಂಗೀತ ತರಬೇತಿ ಇದೆಯಲ್ಲ, ಅಲ್ಲಿ ಬೆಳಗ್ಗೆ ಎದ್ದರೆ ಅರ್ಬಾನ್, ರಾತ್ರಿ ಮಲಗಿದರೆ ಅರ್ಬಾನ್.

ಕೊನೆಯದು ಉಸಿರು. ಬೆರಳು ಮಡಚಿ ಎಣಿಸು, ಒಂದು ರೆಕಾರ್ಡಿನಲ್ಲಿ ಎಷ್ಟು ಸಲ ಉಸಿರು ತೆಗೆದುಕೊಂಡ ಅಂತ. ಬರೀ ಇದೊಂದು ಮಾಡು, ಬೇಜಾರು ಬರಲ್ಲ.

ಗೋಕಾಕ್_ಕರದಂಟು
ಒಂದು ದಡ್ಡ ಪ್ರಶ್ನೆ. ಕಾರ್ನೆಟ್ ಅಂದರೆ ಚಿಕ್ಕ ಟ್ರಂಪೆಟ್ ತಾನೆ?

ಕುಂದಾ_ಪ್ರಿಯ
ಹೌದು, ಚಿಕ್ಕದು. ಅದಕ್ಕೇ ಸ್ವರ ಎತ್ತರ.

ಹಳೇ_ಬ್ಯಾಂಡ್‌ವಾಲಾ
ಅಲ್ಲ ಮಾರಾಯ. ಎರಡರ ಕೊಳವೆಯೂ ಬಿಚ್ಚಿ ಉದ್ದ ಮಾಡಿದರೆ ಸುಮಾರು ನಾಲ್ಕೂವರೆ ಅಡಿ. ಶ್ರುತಿಯೂ ಒಂದೇ. ಕಾರ್ನೆಟ್ಟನ್ನು ಬಿಗಿಯಾಗಿ ಸುತ್ತಿದ್ದಾರೆ, ಅದಕ್ಕೆ ಗಿಡ್ಡ ಕಾಣುತ್ತೆ. ನಿಜವಾದ ವ್ಯತ್ಯಾಸ ಒಳಗಿದೆ. ಟ್ರಂಪೆಟ್ಟಿನ ಕೊಳವೆ ಬಹುದೂರ ಒಂದೇ ಅಗಲ. ಕಾರ್ನೆಟ್ಟಿನದು ಬಾಯಿಯಿಂದ ತುದಿಗೆ ನಿಧಾನವಾಗಿ ಅಗಲ ಆಗುತ್ತಾ ಹೋಗುತ್ತೆ. ಊದೋ ಮೌತ್‌ಪೀಸಿನ ಬಟ್ಟಲೂ ಆಳ. ಅದಕ್ಕೇ ದನಿ ದುಂಡಗೆ, ಮೆತ್ತಗೆ. ಟ್ರಂಪೆಟ್ ದನಿ ಚುಚ್ಚುತ್ತೆ.

ನಿಜವಾಗಿ ಚಿಕ್ಕದು ಬೇಕಾ? ಪಿಕೊಲೊ ಟ್ರಂಪೆಟ್ ನೋಡು. ಅರ್ಧ ಉದ್ದ, ಒಂದು ಸಪ್ತಕ ಮೇಲೆ. ಮೊರಿಸ್ ಆಂದ್ರೆ ಊದುತ್ತಿದ್ದದ್ದು ಜಾಸ್ತಿ ಅದನ್ನೇ.

ಗೋಕಾಕ್_ಕರದಂಟು
ಹಾಗಾದರೆ ಕಾರ್ನೆಟ್ ಕುಂದಾ, ಟ್ರಂಪೆಟ್ ಕರದಂಟು.

ಕುಂದಾ_ಪ್ರಿಯ
ಇದನ್ನು ಒಪ್ಪಿದೆ. ಈ ವೇದಿಕೆಯಲ್ಲಿ ನಾನು ಮೊದಲ ಸಲ ಒಪ್ಪಿದ್ದು.

ಭೀಮಪಲಾಸಿ (ಬೆಳಗಾವಿ)
ಹಲಗಿಯವರೇ, "ಸರ್ಕಸ್ಸು" ಅನ್ನೋ ಮಾತಿಗೆ ನನ್ನದೊಂದು ತಕರಾರು. ದ್ರುತ್‌ನಲ್ಲಿ ಗವಾಯಿಗಳು ವೇಗವಾಗಿ ಸ್ವರ ಸುರಿದು ತಾನ್ ಹೊಡೆದಾಗ ನೀವೇ ಮೊದಲು ಚಪ್ಪಾಳೆ ತಟ್ಟುವವರು. ಅದು ಸಂಗೀತ, ಇದು ಸರ್ಕಸ್ಸಾ? ಸಪಾಟ್ ತಾನ್ ಅಂದರೂ ಏಣಿ ಹತ್ತಿ ಇಳಿಯೋದೇ. ಯಾವ ರಾಗದ ಏಣಿ, ಎಲ್ಲಿ ತಿರುಗಿ ಸಮ್‌ಗೆ, ಅಂದರೆ ತಾಳದ ಮೊದಲ ಪೆಟ್ಟಿಗೆ, ಬಂದ ಅನ್ನೋದು ತಿಳಿದಿರುವುದರಿಂದ ನಮಗೆ ಅದು ಹಿಡಿಸುತ್ತೆ. ಕಾರ್ನೆಟ್ಟಿನಲ್ಲಿ ಆ ಸಮ್ ಎಲ್ಲಿದೆ ಅಂತ ಯಾರೂ ತೋರಿಸಿಲ್ಲ, ಅಷ್ಟೇ.

ಪ್ರಶ್ನೆ ಕೇಳಿದವರಿಗೆ ಒಂದು ಉಪಾಯ. "ಕಾರ್ನಿವಲ್ ಆಫ್ ವೆನಿಸ್" ಹಾಕಿ, ಅರ್ಬಾನ್ ಬರೆದ ವೇರಿಯೇಷನ್‌ಗಳು, ಅಂದರೆ ಒಂದೇ ಟ್ಯೂನನ್ನು ಬೇರೆ ಬೇರೆ ಥರ ಬದಲಿಸಿ ಊದೋದು. ಮೂಲ ಟ್ಯೂನು ಇಟಲಿಯ ಒಂದು ಹಳೇ ಜನಪದ ಹಾಡು, ಎರಡು ಸಲ ಕೇಳಿದರೆ ಬಾಯಿಗೆ ಬರುತ್ತೆ. ಆಮೇಲೆ ಅವನು ಪುಡಿ ಮಾಡೋಕೆ ಶುರು ಮಾಡಿದಾಗ ನೀವು ಬಾಯಲ್ಲಿ ಮೂಲ ಟ್ಯೂನನ್ನೇ ಮೆಲ್ಲಗೆ ಗುನುಗುತ್ತಾ ಇರಿ. ಅವನು ಎಲ್ಲೆಲ್ಲೋ ಓಡಿ ನಿಮ್ಮ ಜೊತೆಯೇ ಬಂದು ನಿಲ್ಲುತ್ತಾನೆ. ಅದೇ ಸಮ್.

ಬಾದಾಮಿ_ಬಸ್
ಕೊನೆಯ ವೇರಿಯೇಷನ್‌ನಲ್ಲಿ ಇಬ್ಬರು ಊದುತ್ತಿದ್ದಾರೆ ಅನಿಸುತ್ತೆ. ಒಬ್ಬ ಕೆಳಗೆ ಟ್ಯೂನು, ಇನ್ನೊಬ್ಬ ಮೇಲೆ ಪಟಪಟ. ಇದು ಎರಡು ಸಲ ರೆಕಾರ್ಡ್ ಮಾಡಿ ಸೇರಿಸಿದ್ದು. ನಾನು ಸ್ಟುಡಿಯೋದಲ್ಲಿ ಕೆಲಸ ಮಾಡಿದ್ದೇನೆ, ನನಗೆ ಹೇಳಬೇಡಿ.

ಹಳೇ_ಬ್ಯಾಂಡ್‌ವಾಲಾ
ಹೇಳಲೇಬೇಕು. ಒಬ್ಬನೇ, ಒಂದೇ ವಾದ್ಯ. ಒಂದು ಕ್ಷಣಕ್ಕೆ ಒಂದೇ ಸ್ವರ ಬರೋದು. ಟ್ಯೂನಿನ ಸ್ವರ ತಾಳದ ಪೆಟ್ಟಿಗೆ ಸರಿಯಾಗಿ ಬೀಳುತ್ತೆ, ಮಧ್ಯದ ಸಂದಿಯಲ್ಲಿ ಉಳಿದ ಸ್ವರಗಳನ್ನು ತುರುಕುತ್ತಾನೆ. ನಿಮ್ಮ ಕಿವಿಯೇ ಎರಡು ಸಾಲು ಕೂಡಿಸಿಕೊಳ್ಳುತ್ತೆ.

ಇಳಕಲ್_ಸೆರಗು
ಅಂದರೆ ಚುಕ್ಕಿ ರಂಗೋಲಿ. ಹತ್ತಿರದಿಂದ ನೋಡಿದರೆ ಬರೀ ಚುಕ್ಕಿ, ದೂರ ನಿಂತರೆ ತಾವರೆ.

ಹಳೇ_ಬ್ಯಾಂಡ್‌ವಾಲಾ
ತಂಗೀ, ಮೂವತ್ತು ವರ್ಷ ಹುಡುಗರಿಗೆ ಹೇಳಿಕೊಟ್ಟೆ, ಈ ಮಾತು ನನಗೆ ಹೊಳೆಯಲಿಲ್ಲ.

ಬಾದಾಮಿ_ಬಸ್
ಇರಬಹುದು. ಆದರೆ ಈಗಿನ ರೆಕಾರ್ಡುಗಳಲ್ಲಿ ತುಂಡು ತುಂಡು ಅಂಟಿಸೋದು ಇದ್ದೇ ಇದೆ. ಒಳ್ಳೆ ಎಂಟು ತಾಳದ ಸುತ್ತು ಇಲ್ಲಿಂದ, ಇನ್ನು ಎಂಟು ಅಲ್ಲಿಂದ.

ತಟ್ಟೆ_ಸಂಗ್ರಹ (ವಿಜಯಪುರ)
ಈಗಿನದಕ್ಕೆ ಒಪ್ಪೋಣ. ಆದರೆ ಕ್ಲಾರ್ಕ್ ಕಾಲಕ್ಕೆ ಅಂಟಿಸೋಕೆ ಏನೂ ಇರಲಿಲ್ಲ. ಟೇಪ್ ಬಂದದ್ದು ಎಷ್ಟೋ ವರ್ಷದ ಮೇಲೆ. ಅವತ್ತು ಮೇಣದ ತಟ್ಟೆ ತಿರುಗುತ್ತಿತ್ತು. ಎರಡೂ ಮುಕ್ಕಾಲು ನಿಮಿಷ ಊದಿ ಕೊನೆಯ ಸ್ವರ ಒಡೆದರೆ ತಟ್ಟೆ ದಂಡ, ಮತ್ತೆ ಮೊದಲಿನಿಂದ.

1925ಕ್ಕೆ ಮೊದಲು ಮೈಕೂ ಇರಲಿಲ್ಲ. ಗೋಡೆಯಿಂದ ಒಂದು ದೊಡ್ಡ ತಗಡಿನ ಆಲಿಕೆ ಚಾಚಿಕೊಂಡಿರುತ್ತಿತ್ತು, ಅದರ ಬಾಯಿಗೆ ಊದಬೇಕು. ಪಿಟೀಲಿನ ದನಿ ಅದಕ್ಕೆ ಸಾಲುತ್ತಿರಲಿಲ್ಲ. ಕಾರ್ನೆಟ್ ಮಾತ್ರ ಚೆನ್ನಾಗಿ ಕೊರೆಯುತ್ತಿತ್ತು, ಯಾಕಂದರೆ ದನಿ ಗಟ್ಟಿ, ನೇರ ಒಂದೇ ದಿಕ್ಕಿಗೆ ಹೋಗುತ್ತೆ. ಅದಕ್ಕೇ ಅಷ್ಟೊಂದು ಕಾರ್ನೆಟ್ ತಟ್ಟೆ ಸಿಗೋದು. ಜಾಝ್‌ನ ಲೂಯಿ ಆರ್ಮ್‌ಸ್ಟ್ರಾಂಗ್ ಗೊತ್ತಲ್ಲ? 1923ರಲ್ಲಿ ಕಿಂಗ್ ಆಲಿವರ್ ಬ್ಯಾಂಡಿನಲ್ಲಿ ಮೊದಲ ರೆಕಾರ್ಡಿಂಗ್, ಆಗ ಅವನ ಕೈಯಲ್ಲಿದ್ದದ್ದು ಕಾರ್ನೆಟ್ಟೇ. ದನಿ ಜಾಸ್ತಿ ಆಯಿತು ಅಂತ ಅವನೊಬ್ಬನನ್ನು ಕೋಣೆಯ ಹಿಂದಕ್ಕೆ ನಿಲ್ಲಿಸಿದರು ಅನ್ನೋದು ಬಲು ಪ್ರಸಿದ್ಧ ಕಥೆ.

ಇನ್ನೂ ಹಿಂದೆ ಹೋಗಿ. 1878ರಲ್ಲಿ ಎಡಿಸನ್ ಯಂತ್ರದಲ್ಲಿ ತವರದ ಹಾಳೆಯ ಮೇಲೆ ಮಾಡಿದ ಒಂದು ಧ್ವನಿಮುದ್ರಣ ಇದೆ, ಅಮೆರಿಕದ ಸೇಂಟ್ ಲೂಯಿಸ್‌ನದು. ಹಾಳೆ ಮಡಚಿ ಸುಕ್ಕಾಗಿತ್ತು, 2012ರಲ್ಲಿ ಕಂಪ್ಯೂಟರಿನಿಂದ ದನಿ ಹೊರಡಿಸಿದರು. ಶುರುವಿನಲ್ಲೇ 23 ಸೆಕೆಂಡ್ ಏನು ಗೊತ್ತಾ? ಕಾರ್ನೆಟ್ ಸೋಲೋ! ಆಮೇಲೆ ಒಬ್ಬ ಮಕ್ಕಳ ಪದ್ಯ ಹೇಳಿ ನಗುತ್ತಾನೆ. ಒಟ್ಟು 78 ಸೆಕೆಂಡ್.

ಕುಂದಾ_ಪ್ರಿಯ
ಕಾಕಾಗೂ 78, ತಟ್ಟೆ ನಿಮಿಷಕ್ಕೆ ತಿರುಗೋದೂ 78 ಸುತ್ತು, ತವರದ ಹಾಳೆಗೂ 78. ಇವತ್ತು ಲಾಟರಿ ಇದ್ದಿದ್ದರೆ ತೆಗೆಯುತ್ತಿದ್ದೆ.

ತಟ್ಟೆ_ಸಂಗ್ರಹ
ನಿಮ್ಮ ಲಾಟರಿ ಹೋಯಿತು. ತಟ್ಟೆಗಳು ಎಲ್ಲಾ ಸರಿಯಾಗಿ 78 ಅಲ್ಲ. ಒಂದೊಂದು ಕಂಪನಿ, ಒಂದೊಂದು ದಿನ, ಒಂದೊಂದು ವೇಗ. ಎಡಿಸನ್ ತಟ್ಟೆಗಳು 80. ಕೆಲವು 76ರ ಹತ್ತಿರ. 76ರಲ್ಲಿ ಕೊರೆದದ್ದನ್ನು 78ರಲ್ಲಿ ತಿರುಗಿಸಿದರೆ ಶ್ರುತಿ ಹೆಚ್ಚುಕಡಿಮೆ ಅರ್ಧ ಸ್ವರದ ಅರ್ಧ ಮೇಲೇರುತ್ತೆ, ಓಟವೂ ಶೇಕಡಾ ಎರಡೂವರೆಯಷ್ಟು ಜಾಸ್ತಿ. ಯೂಟ್ಯೂಬಿಗೆ ಹಾಕುವವರು ಇದನ್ನು ನೋಡೋದೇ ಇಲ್ಲ. ಹಾಗಾಗಿ "ಅಬ್ಬಾ ಏನು ಸ್ಪೀಡು" ಅನ್ನೋ ಮೊದಲು ಶ್ರುತಿಪೆಟ್ಟಿಗೆ ಪಕ್ಕ ಇಟ್ಟು ನೋಡಿ. ಯಾವ ಸ್ವರಕ್ಕೂ ಕೂಡದೆ ಎರಡರ ನಡುವೆ ನಿಂತಿದ್ದರೆ ತಿರುಗಿಸಿದವನ ತಪ್ಪು.

ಹಲಗಿ_ಮಜಲು
ನೋಡಿದಿರಾ! ಅರ್ಧ ಸ್ಪೀಡು ಮೋಟರಿನದು.

ತಟ್ಟೆ_ಸಂಗ್ರಹ
ಶೇಕಡಾ ಎರಡೂವರೆ ಅಂದೆ ಸರ್. ಅರ್ಧ ಅನ್ನಲಿಲ್ಲ. ಲೆಕ್ಕ ಹಲಗಿಯಷ್ಟೇ ಜೋರಾಗಿ ಬಡಿಯಬೇಡಿ.

ಭೀಮಪಲಾಸಿ
ತಟ್ಟೆ ಅಂದಾಗ ನೆನಪಾಯಿತು. ಕುಮಾರ ಗಂಧರ್ವರು ಹುಟ್ಟಿದ್ದು ನಮ್ಮ ಸುಳೇಭಾವಿಯಲ್ಲಿ, 1924ರಲ್ಲಿ. ಚಿಕ್ಕ ಹುಡುಗನಿದ್ದಾಗ ದೊಡ್ಡ ಗವಾಯಿಗಳ ತಟ್ಟೆ ಕೇಳಿ ಅದನ್ನೇ ಅಚ್ಚು ಹೊಡೆದಂತೆ ಹಾಡಿ ತೋರಿಸುತ್ತಿದ್ದರು. ಮೂರು ನಿಮಿಷದ ತಟ್ಟೆಯಲ್ಲಿ ಆಲಾಪ, ಬಂದಿಶ್, ತಾನ್ ಎಲ್ಲಾ ಮುಗಿಸಬೇಕಿತ್ತು, ಹಾಗಾಗಿ ಹಾಡುವವರು ಸಾರ ಮಾತ್ರ ಹಿಂಡಿ ಕೊಡುತ್ತಿದ್ದರು. ಈ ಕಾರ್ನೆಟ್ ತಟ್ಟೆಗಳದ್ದೂ ಅದೇ ಕಥೆ ಅನಿಸುತ್ತೆ. ಎರಡು ವೇರಿಯೇಷನ್ ಕತ್ತರಿಸಿ ಓಡೋಡಿ ಮುಗಿಸುತ್ತಾರೆ. ಎಲ್ಲಾ ಒಂದೇ ಥರ ಕೇಳಿಸೋಕೆ ಅದೂ ಒಂದು ಕಾರಣ ಇರಬೇಕು.

ಸನಾದಿ_ಮೊಮ್ಮಗ (ಮುಧೋಳ)
ಉಸಿರಿನ ಮಾತು ಬಂತಲ್ಲ. ಮೆಂಡೆಸ್ "ಮೋಟೋ ಪರ್ಪೆಟುವೊ" ಊದಿದ್ದು ಕೇಳಿ. ಪಗನೀನಿ ಪಿಟೀಲಿಗೆ ಅಂತ ಬರೆದದ್ದು. ಪಿಟೀಲಿಗೆ ಉಸಿರು ಬೇಕಿಲ್ಲ, ಅದಕ್ಕೇ ಎಲ್ಲೂ ಬಿಡುವೇ ಇಟ್ಟಿಲ್ಲ. ಮೆಂಡೆಸ್ ಅದನ್ನು ನಾಲ್ಕು ನಿಮಿಷಕ್ಕೂ ಜಾಸ್ತಿ, ಎಲ್ಲೂ ನಿಲ್ಲಿಸದೆ ಊದುತ್ತಾನೆ. ಎಲ್ಲರೂ ಪವಾಡ ಅಂತಾರೆ. ನಮ್ಮ ಅಜ್ಜ ಮದುವೆ ಮನೆಯಲ್ಲಿ ಸನಾದಿ ಊದುವಾಗ ದಿನಾ ಮಾಡುತ್ತಿದ್ದದ್ದು ಇದೇ. ಕೆನ್ನೆಯಲ್ಲಿ ಗಾಳಿ ಇಟ್ಟುಕೊಂಡು ಅದನ್ನು ಹೊರಗೆ ತಳ್ಳುತ್ತಲೇ ಮೂಗಿನಿಂದ ಒಳಗೆ ಎಳೆಯೋದು. ನೀರಿನ ಲೋಟಕ್ಕೆ ಜೋಳದ ದಂಟು ಹಾಕಿ ಗುಳ್ಳೆ ನಿಲ್ಲದಂತೆ ಊದು ಅಂತ ಕಲಿಸುತ್ತಿದ್ದರು. ನಾನು ಎರಡು ಲೋಟ ಕುಡಿದುಬಿಟ್ಟೆ, ಕಲಿಯಲಿಲ್ಲ.

(ಸನಾದಿ ಅಂದ ಕೂಡಲೇ ರಾಜ್‌ಕುಮಾರ್ ಸಿನಿಮಾ ತರಬೇಡಿ. ಗೊತ್ತು.)

ಇಳಕಲ್_ಸೆರಗು
ತರಬೇಕು ಅಂತ ಟೈಪ್ ಮಾಡ್ತಾ ಇದ್ದೆ. ಅಳಿಸಿದೆ.

ಹಳೇ_ಬ್ಯಾಂಡ್‌ವಾಲಾ
ಅಜ್ಜನಿಗೆ ನಮಸ್ಕಾರ. ಆದರೆ ಎರಡೂ ಒಂದೇ ಅಲ್ಲ. ಸನಾದಿಯಲ್ಲಿ ಪೀಪಿ ಇದೆ, ಸಂದಿ ಸಣ್ಣದು, ಗಾಳಿ ಕಡಿಮೆ ಸಾಕು. ಕಾರ್ನೆಟ್, ಟ್ರಂಪೆಟ್ಟಿನಲ್ಲಿ ಪೀಪಿ ಅಂದರೆ ನಿನ್ನ ತುಟಿಯೇ. ಗಾಳಿಯೂ ಜಾಸ್ತಿ ಬೇಕು. ಕೆನ್ನೆ ಉಬ್ಬಿಸಿದ ಕೂಡಲೇ ತುಟಿ ಅಲುಗುತ್ತೆ, ಸ್ವರ ಜಾರುತ್ತೆ. ಜಾರದಂತೆ ಮಾಡೋದು ವರ್ಷಗಟ್ಟಲೆ ಕೆಲಸ.

ಮೆಂಡೆಸ್ ಕಥೆಯೂ ಹೇಳಿಬಿಡ್ತೀನಿ. ಹುಟ್ಟಿದ್ದು 1906, ಮೆಕ್ಸಿಕೋದ ಹಿಕಿಲ್ಪಾನ್. ಮನೆ ತುಂಬ ವಾದ್ಯದವರು. ಹುಡುಗನಿದ್ದಾಗ ಪಾಂಚೋ ವಿಲ್ಲಾ ಅನ್ನೋ ಕ್ರಾಂತಿಕಾರಿ ನಾಯಕನಿಗೆ ಊದಬೇಕಾಯಿತು. ಅಮೆರಿಕಕ್ಕೆ ಹೋದ ಮೇಲೆ ಒಂದು ದಿನ ಬಾಗಿಲು ಮುಖಕ್ಕೆ ಬಡಿದು ತುಟಿ ಹೋಯಿತು. ತುಟಿ ಹೋದರೆ ನಮ್ಮಂಥವರ ಪಾಲಿಗೆ ಕೈ ಕಡಿದಂತೆ. ಆತ ಮೊದಲಿನಿಂದ ಕಲಿತ. ಆಮೇಲೆ ಹಾಲಿವುಡ್ಡಿನ ಎಂಜಿಎಂ ಆರ್ಕೆಸ್ಟ್ರಾ. ಈಗ ನೀವು ಕೇಳೋ ರೆಕಾರ್ಡೆಲ್ಲ ಆ ಪೆಟ್ಟು ಬಿದ್ದ ತುಟಿಯವು.

ಹಲಗಿ_ಮಜಲು
ಕಥೆ ಚೆನ್ನಾಗಿದೆ, ಅಲ್ಲಗಳೆಯಲ್ಲ. ಆದರೆ ಕಥೆ ಗೊತ್ತಿದ್ದರೆ ಮಾತ್ರ ಸಂಗೀತ ಚೆನ್ನಾಗಿ ಕೇಳಿಸೋದಾದರೆ ಅದೂ ಒಂದು ಕೊರತೆಯೇ.

ತಟ್ಟೆ_ಸಂಗ್ರಹ
ಸರ್ಕಸ್ ಸರ್ಕಸ್ ಅಂತೀರಲ್ಲ, ನಿಮಗೆ ಒಂದು ಬಹುಮಾನ. ಬೊಹುಮಿರ್ ಕ್ರಿಲ್ ಅಂತ ಒಬ್ಬ ಕಾರ್ನೆಟ್ ದೈತ್ಯ ಇದ್ದ. ಬೊಹೆಮಿಯಾದವನು, ಹುಡುಗನಿದ್ದಾಗ ನಿಜವಾಗಿಯೂ ಸರ್ಕಸ್ಸಿನಲ್ಲಿ ಲಾಗ ಹಾಕುತ್ತಿದ್ದ! ಆಮೇಲೆ ಅಮೆರಿಕಕ್ಕೆ ಹೋಗಿ ಸೂಸಾ ಅನ್ನೋ ಹೆಸರಾಂತ ನಾಯಕನ ಬ್ಯಾಂಡಿನಲ್ಲಿ ಊದಿದ. ಅವನ "ಕಾರ್ನಿವಲ್ ಆಫ್ ವೆನಿಸ್" ತಟ್ಟೆಯಲ್ಲಿ ಮಧ್ಯೆ ಕಾರ್ನೆಟ್ಟಿನ ಸಹಜ ಕೆಳಮಿತಿಗಿಂತ ಕೆಳಗೆ ಇಳಿಯುತ್ತಾನೆ. ಎಮ್ಮೆ ಕೆರೆಗೆ ಇಳಿದು ಗುಟುರು ಹಾಕಿದ ಹಾಗೆ ಕೇಳಿಸುತ್ತೆ. ನಾನು ನಕ್ಕು ನಕ್ಕು ಸುಸ್ತಾದೆ.

ಹಲಗಿ_ಮಜಲು
ಲಿಂಕ್ ಇದೆಯಾ?

ಕುಂದಾ_ಪ್ರಿಯ
ಬಿದ್ದರು ಬಲೆಗೆ 😂

ಕ್ಯಾಂಪ್_ಹುಡುಗ (ಬೆಳಗಾವಿ)
ಅಮೆರಿಕ, ಫ್ರಾನ್ಸ್ ಅಂತ ಅಷ್ಟು ದೂರ ಯಾಕೆ? ಘಟ್ಟ ಇಳಿದರೆ ಗೋವಾ. ಚಿಕ್ ಚಾಕೊಲೇಟ್ ಅಂತ ಹೆಸರು ಮಾಡಿದ ಆಂಟೋನಿಯೊ ಝೇವಿಯರ್ ವಾಜ್ ಗೋವಾದವರು, ಮುಂಬೈ ತಾಜ್ ಹೋಟೆಲಿನಲ್ಲಿ ಟ್ರಂಪೆಟ್ ಊದುತ್ತಿದ್ದರು, ಭಾರತದ ಆರ್ಮ್‌ಸ್ಟ್ರಾಂಗ್ ಅಂತಲೇ ಕರೆಯುತ್ತಿದ್ದರು. ಸಿ. ರಾಮಚಂದ್ರ ಅವರ ಹಿಂದಿ ಹಾಡುಗಳಲ್ಲಿ ಅವರ ಊದು ಇದೆ. ಮಡಗಾಂವ್‌ನ ಕ್ರಿಸ್ ಪೆರಿ ಕೊಂಕಣಿ ಹಾಡಿಗೆ ಟ್ರಂಪೆಟ್ ಸೇರಿಸಿದರು. ನಮ್ಮ ಮನೆಯಲ್ಲಿ ಭಾನುವಾರ ಅಡುಗೆ ಆಗುವಷ್ಟು ಹೊತ್ತೂ ಲೋರ್ನಾ, ಕ್ರಿಸ್ ಪೆರಿ. ಅಲ್ಲಿ ಟ್ರಂಪೆಟ್ ಕಸರತ್ತು ಮಾಡಲ್ಲ, ಹಾಡುವವಳಿಗೆ ಎದುರುತ್ತರ ಕೊಡುತ್ತೆ. ನನಗೆ ಅದೇ ಇಷ್ಟ.

ಬಾದಾಮಿ_ಬಸ್
ಈಗ ಬ್ಯಾಂಡೇ ಎಲ್ಲಿದೆ ಹೇಳಿ. ಗಣಪತಿ ಕಳಿಸುವಾಗ ಡಾಲ್ಬಿ, ಡಿಜೆ. ಕಿಟಕಿ ಗಾಜು ನಡುಗುತ್ತೆ. ಬ್ಯಾಂಡಿನವರು ಮೂಲೆಯಲ್ಲಿ ನಿಂತಿರುತ್ತಾರೆ, ಊದಿದ್ದು ಅವರಿಗೇ ಕೇಳಿಸಲ್ಲ.

ಕ್ಯಾಂಪ್_ಹುಡುಗ
ಹೋದ ಸಲ ಕಪಿಲೇಶ್ವರ ಹೊಂಡದ ಹತ್ತಿರ ಬೆಳಗಿನ ಜಾವ ಕರೆಂಟು ಹೋಯಿತು. ಡಿಜೆ ಬಂದ್. ಐದು ನಿಮಿಷ ಒಂದು ಬ್ಯಾಂಡು ಊದಿತು. ರಸ್ತೆಯಲ್ಲಿ ಮಲಗಿದ್ದವರೆಲ್ಲ ಎದ್ದು ಕುಣಿದರು. ಆಮೇಲೆ ಹಾಳಾದ ಜನರೇಟರ್ ಬಂತು.

ನಿರ್ವಾಹಕ
ಡಿಜೆ ವಿಷಯಕ್ಕೆ ಬೇರೆ ಎಳೆ ಇದೆ, ಅಲ್ಲಿ ಬೈದಾಡಿ. ಇಲ್ಲಿ ಕಾರ್ನೆಟ್.

ಗುಮ್ಮಟದ_ಪಿಸುಮಾತು (ವಿಜಯಪುರ)
ಒಂದು ತಲೆಹರಟೆ ಯೋಚನೆ. ಗೋಳಗುಮ್ಮಟದ ಮೇಲಿನ ಗ್ಯಾಲರಿಯಲ್ಲಿ ಒಂದು ಚಪ್ಪಾಳೆ ಹೊಡೆದರೆ ಏಳೆಂಟು ಸಲ ಮರಳಿ ಕೇಳುತ್ತೆ. ಅಲ್ಲಿ ನಿಮ್ಮ ತು-ತು-ಕು ಊದಿದರೆ ಹೇಗಿರುತ್ತೆ?

ಹಳೇ_ಬ್ಯಾಂಡ್‌ವಾಲಾ
ಸಾಂಬಾರ್ ಆಗುತ್ತೆ. ಈ ಕಸರತ್ತಿಗೆ ಒಣ ಕೋಣೆ ಬೇಕು. ಸ್ವರ ಹುಟ್ಟಿ ಅಲ್ಲೇ ಸಾಯಬೇಕು. ಗುಮ್ಮಟದಲ್ಲಿ ಉದ್ದುದ್ದ ಸ್ವರ ಒಂದೊಂದೇ ಬಿಟ್ಟು ನೋಡು, ನೀನೇ ನಿನ್ನ ಜೊತೆ ಸ್ವರ ಕೂಡಿಸಬಹುದು. ಆದರೆ ಕಾವಲಿನವರು ಬಿಡಲ್ಲ, ಸುಮ್ನೆ ಹೋಗಬೇಡ.

ಗುಮ್ಮಟದ_ಪಿಸುಮಾತು
ಅಂದಹಾಗೆ ಗುಮ್ಮಟದ ಮುಂದೆ ಈಗ ಮ್ಯೂಸಿಯಂ ಇರೋ ಕಟ್ಟಡ ನಗಾರಖಾನೆ. ಊದಿ ಬಾರಿಸೋರಿಗೆ ಅಂತಲೇ ಕಟ್ಟಿಸಿದ್ದು. ಊದೋರ ಮನೆಯಲ್ಲಿ ಈಗ ಊದೋಕೆ ಬಿಡಲ್ಲ.

ಗೋಕಾಕ್_ಕರದಂಟು
ಮೊರಿಸ್ ಆಂದ್ರೆ ಬಗ್ಗೆ ಯಾರೂ ಹೇಳಲೇ ಇಲ್ಲ. ನಿನ್ನೆ ಇಡೀ ರಾತ್ರಿ ಕೇಳಿದೆ. ಇವನು ಪುಡಿ ಮಾಡಲ್ಲ, ಹಾಡುತ್ತಾನೆ.

ಹಳೇ_ಬ್ಯಾಂಡ್‌ವಾಲಾ
ಸರಿಯಾಗಿ ಹಿಡಿದೆ. ಆಂದ್ರೆ (1933–2012) ಕಲ್ಲಿದ್ದಲು ಗಣಿಯ ಊರಿನವನು. ಅಪ್ಪ ಗಣಿ ಕಾರ್ಮಿಕ, ಇವನೂ ಹದಿಹರೆಯದಲ್ಲಿ ಗಣಿಗೆ ಇಳಿದ. ಪ್ಯಾರಿಸ್ಸಿನ ಸಂಗೀತ ಶಾಲೆಗೆ ಕಟ್ಟೋಕೆ ದುಡ್ಡಿಲ್ಲ. ಸೈನ್ಯದ ಬ್ಯಾಂಡಿನಲ್ಲಿದ್ದವರಿಗೆ ಫೀ ಇಲ್ಲ ಅಂತ ಗೊತ್ತಾಗಿ ಸೈನ್ಯದ ಬ್ಯಾಂಡಿಗೆ ಸೇರಿಬಿಟ್ಟ. ನಮ್ಮ ಮರಾಠಾ ಲೈಟ್ ಇನ್‌ಫೆಂಟ್ರಿ ಕೇಂದ್ರದ ಗೇಟಿನ ಮುಂದೆ ಹೋಗುವಾಗೆಲ್ಲ ನನಗೆ ಇವನ ನೆನಪು. ಹೊಟ್ಟೆಪಾಡಿಗೆ ಅಂತ ಊದೋಕೆ ಸೇರಿದವರು ನಾವೂ ಎಷ್ಟೋ ಜನ. ಅವನು ಮುನ್ನೂರಕ್ಕೂ ಜಾಸ್ತಿ ರೆಕಾರ್ಡ್ ಮಾಡಿದ, ನಾವು ಪೆನ್ಷನ್ ಮಾಡಿಕೊಂಡೆವು.

ಸನಾದಿ_ಮೊಮ್ಮಗ
ಕೊನೆಯ ಸಾಲು ಓದಿ ನಕ್ಕೆ, ಆಮೇಲೆ ನಗು ಬರಲಿಲ್ಲ.

ಭೀಮಪಲಾಸಿ
ಹೊಸಬರಲ್ಲಿ ವಿಂಟನ್ ಮಾರ್ಸಲಿಸ್ 1987ರಲ್ಲಿ "ಕಾರ್ನವಾಲ್" ಅಂತ ಒಂದು ಆಲ್ಬಮ್ ಮಾಡಿದರು, ಈಸ್ಟ್‌ಮನ್ ವಿಂಡ್ ಎನ್ಸೆಂಬಲ್ ಜೊತೆ. ಕ್ಲಾರ್ಕ್, ಅರ್ಬಾನ್ ಕಾಲದ ಇವೇ ಐಟಂಗಳು, ಕಾರ್ನೆಟ್ಟಿನಲ್ಲೇ. ದನಿ ಸ್ವಚ್ಛ. ರಷ್ಯಾದ ಸೆರ್ಗೇ ನಕರ್ಯಾಕೋವ್ ಊದಿದ್ದನ್ನೂ ಕೇಳಿ. ಒಂದೇ ಐಟಂ ಮೂವರದ್ದು ಕೇಳೋದು ಒಳ್ಳೇದು, ಒಬ್ಬನದೇ ಮೂರು ಐಟಂ ಬೇಡ. ಒಂದೇ ಭೀಮಪಲಾಸಿ ಮೂವರು ಹಾಡಿದರೆ ನಾವು ಬೇಜಾರು ಮಾಡಿಕೊಳ್ಳಲ್ವಲ್ಲ.

ಇಳಕಲ್_ಸೆರಗು
"ಸೋಲೋ" ಅಂತ ಹೆಸರಿಟ್ಟುಕೊಂಡು ಇಷ್ಟೊಂದು ಗೆದ್ದವರನ್ನು ಮೊದಲ ಸಲ ನೋಡ್ತಿದ್ದೀನಿ.

ತುತ್ತೂರಿ_ಟಿಳಕವಾಡಿ
ಎಲ್ಲರಿಗೂ ಥ್ಯಾಂಕ್ಸ್. ಮೂರು ದಿನ ನೀವು ಹೇಳಿದಂತೆ ಮಾಡಿದೆ. ವರದಿ ಇಲ್ಲಿದೆ.

ಮೊದಲ ದಿನ ಕಾಕಾ ಮಲಗಿದ ಮೇಲೆ "ಕಾರ್ನಿವಲ್" ಹಾಕಿ ಗುನುಗಿದೆ. ಎರಡನೇ ವೇರಿಯೇಷನ್‌ನಲ್ಲಿ ನಾನೇ ತಪ್ಪಿದೆ, ಅವನು ತಪ್ಪಲಿಲ್ಲ. ನಾಲ್ಕನೇ ಸಲಕ್ಕೆ ಇಬ್ಬರೂ ಒಟ್ಟಿಗೆ ಬಂದು ನಿಂತೆವು. ಆ ಖುಷಿ ಬೇರೆಯೇ, ಒಪ್ಪುತ್ತೇನೆ.

ನಿನ್ನೆ ಧೈರ್ಯ ಮಾಡಿ ಕಾಕಾ ಪಕ್ಕ ಕೂತೆ. ಕ್ಲಾರ್ಕ್‌ನ "ಬ್ರೈಡ್ ಆಫ್ ದಿ ವೇವ್ಸ್", ಅವನೇ ಬರೆದು ಅವನೇ ಊದಿದ್ದು. ಉಸಿರು ಎಣಿಸೋಕೆ ಬೆರಳು ಮಡಚಿಕೊಂಡು ಕೂತಿದ್ದೆ. ಆದರೆ ಕಣ್ಣು ಕಾಕಾನ ಕೈ ಮೇಲೆ ಹೋಯಿತು. ಬಲಗೈಯ ಮೂರು ಬೆರಳು ಕುರ್ಚಿಯ ಹಿಡಿಕೆ ಮೇಲೆ ಆಡುತ್ತಿವೆ. ಫೋನಿನಲ್ಲಿ ಸ್ವರ ಬರೋದಕ್ಕಿಂತ ಕೂದಲೆಳೆ ಮೊದಲೇ ಬೆರಳು ಇಳಿಯುತ್ತೆ. ಕ್ಲಾರ್ಕ್ ಉಸಿರು ತೆಗೆದುಕೊಂಡ ಕಡೆ ಕಾಕಾನೂ ತೆಗೆದುಕೊಂಡರು. ಎರಡು ಸಲ, ಮೂರು ಸಲ ಹಾಗೇ. ಆಮೇಲೆ ಒಂದು ಕಡೆ ಕಾಕಾ ಉಸಿರು ತೆಗೆದರು, ಕ್ಲಾರ್ಕ್ ಇನ್ನೂ ಊದುತ್ತಲೇ ಇದ್ದ. ಊದುತ್ತಲೇ ಇದ್ದ. "ಸೂ.." ಅಂತ ಒಂದು ಬೈಗುಳ ಬಂತು, ಪೂರ್ತಿ ಬರೆಯೋಕೆ ಆಗಲ್ಲ. "ನಲವತ್ತು ವರ್ಷ ಆಯಿತು, ಇಲ್ಲೇ ನನ್ನ ಉಸಿರು ಮುಗಿಯೋದು" ಅಂದರು.

ಧಾರಾವಾಹಿ ಮುಗಿಯುವವರೆಗೂ ಕೂತಿದ್ದೆ. ಐದು ರೆಕಾರ್ಡ್ ಕೇಳಿದೆವು. ನಾಲ್ಕನೆಯದು ಬೇಜಾರಾಯಿತು, ಸುಳ್ಳು ಹೇಳಲ್ಲ.

ಹಳೇ_ಬ್ಯಾಂಡ್‌ವಾಲಾ
ಕ್ಲಾರ್ಕ್ ಪುಸ್ತಕದಲ್ಲಿ ಒಂದೇ ಪಾಠವನ್ನು ಒಂದೇ ಉಸಿರಿನಲ್ಲಿ ಎಂಟು ಸಲ, ಹದಿನಾರು ಸಲ ಊದು ಅಂತ ಬರೆದಿದ್ದಾನೆ. ನಾನು ಐದರ ಮೇಲೆ ಹೋಗಲಿಲ್ಲ. ಕಾಕಾಗೆ ಹೇಳು, ಅವರು ಒಬ್ಬರೇ ಅಲ್ಲ.

ಹಲಗಿ_ಮಜಲು
ಹೋಳಿ ಹಬ್ಬಕ್ಕೆ ಕಾಕಾನ್ನ ಬಾಗಲಕೋಟೆಗೆ ಕರೆದುಕೊಂಡು ಬನ್ನಿ. ಊಟ ನಮ್ಮಲ್ಲೇ. ಸರ್ಕಸ್ ಅನ್ನೋ ಮಾತು ವಾಪಸ್ ತೆಗೆದುಕೊಂಡಿಲ್ಲ, ಆದರೆ ಕ್ರಿಲ್‌ನ ಆ ಎಮ್ಮೆ ರೆಕಾರ್ಡ್ ದಿನಾ ಕೇಳ್ತಿದ್ದೀನಿ.

ತುತ್ತೂರಿ_ಟಿಳಕವಾಡಿ
ಖಂಡಿತ. ಈಗ ಒಂದು ತುರ್ತು ಪ್ರಶ್ನೆ. ಕಾಕಾ ಇವತ್ತು ಬೆಳಗ್ಗೆ ಅಟ್ಟದಿಂದ ಹಳೇ ಕಾರ್ನೆಟ್ ಇಳಿಸಿದರು. ಹನ್ನೆರಡು ವರ್ಷದಿಂದ ಮುಟ್ಟಿಲ್ಲ. ಮೌತ್‌ಪೀಸ್ ಕೊಳವೆಗೆ ಕಚ್ಚಿಕೊಂಡಿದೆ, ಬರ್ತಿಲ್ಲ. ನಾನು ಪಕ್ಕಡ ತಂದಿದ್ದೇನೆ.

ಹಳೇ_ಬ್ಯಾಂಡ್‌ವಾಲಾ
ಪಕ್ಕಡ ಕೆಳಗಿಡು!! ಕೊಳವೆ ತಿರುಚಿಕೊಳ್ಳುತ್ತೆ. ಸಂದಿಗೆ ಎರಡು ಹನಿ ಎಣ್ಣೆ ಬಿಟ್ಟು ರಾತ್ರಿ ಪೂರ್ತಿ ಇಡು. ಬರದಿದ್ದರೆ ಕ್ಯಾಂಪಿಗೆ ತಗೊಂಡು ಬಾ, ನನ್ನ ಹತ್ತಿರ ಅದನ್ನು ಎಳೆಯೋ ಉಪಕರಣ ಇದೆ. ಮತ್ತೆ ಒಳಗಿನ ಪಿಸ್ಟನ್ ಮೂರೂ ತೆಗೆದು ಒರೆಸುವಾಗ ಹುಷಾರು, ಒಂದೊಂದರ ಮೇಲೂ ನಂಬರ್ ಇದೆ. ಒಂದನೆಯದರ ಜಾಗಕ್ಕೆ ಎರಡನೆಯದು ಹಾಕಿದರೆ ಗಾಳಿಯೇ ಹೋಗಲ್ಲ.

ತುತ್ತೂರಿ_ಟಿಳಕವಾಡಿ
ನಂಬರ್ ವಿಷಯ ಹತ್ತು ನಿಮಿಷ ಮೊದಲು ಹೇಳಬೇಕಿತ್ತು.

ಕುಂದಾ_ಪ್ರಿಯ
😂😂 ಕಾಕಾ ಎಲ್ಲಿದ್ದಾರೆ?

ತುತ್ತೂರಿ_ಟಿಳಕವಾಡಿ
ನನ್ನ ಪಕ್ಕದಲ್ಲೇ. ಊದ್ತಿದ್ದಾರೆ. ಕೆನ್ನೆ ಕೆಂಪಾಗಿದೆ, ದನಿ ಇಲ್ಲ. ನಾನು ಇನ್ನೂ ಹೇಳಿಲ್ಲ.